ಟ್ರ್ಯಾಕ್‌ನಲ್ಲಿ ಓಡಿಸಿದ ಮಾಡಿಫೈಡ್ ಅಬಾರ್ತ್ ಪುಂಟೊ ಮಾರಬೇಕು. ಶಿರಸಿಯಲ್ಲಿ ಕೂತು ಇದನ್ನು ಯಾರಿಗೆ ಮಾರಲಿ?

ಎರಡನೇ ಗೇರ್ (ಶಿರಸಿ)

ಎಲ್ಲರಿಗೂ ನಮಸ್ಕಾರ. ಬೈಯುವವರು ಬೈದುಕೊಳ್ಳಿ, ಕೊನೆಗೆ ಒಂದು ದಾರಿ ಹೇಳಿ.

ನನ್ನ ಹತ್ತಿರ ಫಿಯಟ್‌ನ 2016ರ ಅಬಾರ್ತ್ ಪುಂಟೊ ಇದೆ. ಕೆಎ 31, ನಾನು ಎರಡನೇ ಮಾಲೀಕ, 61,000 ಕಿಲೋಮೀಟರ್ ಓಡಿದೆ. 1.4 ಟಿ-ಜೆಟ್, ಕಂಪನಿಯಿಂದ ಬಂದಾಗ 145 ಬಿಎಚ್‌ಪಿ. ಈಗ ಎಷ್ಟು ಅಂತ ಕೇಳಬೇಡಿ, ಡೈನೊ (ಇಂಜಿನ್ ಶಕ್ತಿ ಅಳೆಯುವ ಯಂತ್ರ) ಚೀಟಿಯಲ್ಲಿ ಬರೆದದ್ದನ್ನು ನಾನೇ ಪೂರ್ತಿ ನಂಬುವುದಿಲ್ಲ. ಇಸಿಯು ರೀಮ್ಯಾಪ್ ಆಗಿದೆ, ಅಂದರೆ ಇಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿದ್ದು. ಇಂಟರ್‌ಕೂಲರ್ ದೊಡ್ಡದು, ಡೌನ್‌ಪೈಪ್, ಎಕ್ಸಾಸ್ಟ್ ಎಲ್ಲ ಬದಲು. ಕಾಯಿಲೋವರ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗು, ಶಾಕ್) ಹಾಕಿ ಗಾಡಿ ತಗ್ಗಿಸಿದ್ದೇನೆ. ಮುಂದೆ ಎರಡು ಬಕೆಟ್ ಸೀಟು, ನಾಲ್ಕು ಪಾಯಿಂಟ್ ಬೆಲ್ಟು. ಹಿಂದಿನ ಸೀಟು ತೆಗೆದು ಬೋಲ್ಟ್ ಹಾಕುವ ಹಾಫ್ ಕೇಜ್ (ಗಾಡಿ ಮಗುಚಿದರೆ ಕಾಯುವ ಪೈಪಿನ ಚೌಕಟ್ಟು) ಕೂರಿಸಿದ್ದೇನೆ. ಸ್ಟಿಯರಿಂಗ್ ಕೂಡ ಬೇರೆ, ಅಂದರೆ ಡ್ರೈವರ್ ಏರ್‌ಬ್ಯಾಗ್ ಇಲ್ಲ. ಬಿಳಿ ಗಾಡಿ, ಮೇಲೆ ಬೂದು ಬಣ್ಣದ ಸ್ಟಿಕ್ಕರ್.

ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಆರು ಟ್ರ್ಯಾಕ್ ಡೇ (ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಮಾಡಿದ್ದೇನೆ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ಎರಡು.

ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ತೋಟ ನೋಡಿಕೊಳ್ಳಬೇಕು, ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿದೆ. ಅವರನ್ನು ಆ ಬಕೆಟ್ ಸೀಟಿನಲ್ಲಿ ಕೂರಿಸಿದ್ದು ಒಂದೇ ಸಲ. ಇಳಿಸುವುದಕ್ಕೆ ಇಬ್ಬರು ಬೇಕಾಯಿತು. ಅಂದಿನಿಂದ ಅವರು ಇದನ್ನು "ಒಂದೂವರೆ ಜನದ ಗಾಡಿ" ಅನ್ನುತ್ತಾರೆ. ಮನೆಗೆ ಬರುವ ಮಣ್ಣು ರಸ್ತೆಯಲ್ಲಿ ಪ್ರತಿ ದಿನ ಹೊಟ್ಟೆ ಉಜ್ಜುತ್ತದೆ.

ತಗೊಂಡಿದ್ದು 5.25 ಲಕ್ಷಕ್ಕೆ. ಮೇಲೆ 4.70 ಲಕ್ಷ ಸುರಿದಿದ್ದೇನೆ, ಎಲ್ಲದಕ್ಕೂ ಬಿಲ್ ಇದೆ. 9 ಲಕ್ಷ ಕೇಳೋಣ ಅಂತಿದ್ದೇನೆ. ಹುಬ್ಬಳ್ಳಿಯ ಒಬ್ಬ ಡೀಲರ್ ಸ್ಟಾರ್ಟ್ ಮಾಡಿದ ಶಬ್ದ ಕೇಳಿಯೇ 2.75 ಅಂದ. ಹೀಗೇ ಮಾರಬೇಕಾ, ಎಲ್ಲ ಬಿಚ್ಚಿ ಮೊದಲಿನ ಹಾಗೆ ಮಾಡಿ ಮಾರಬೇಕಾ? ಟ್ರ್ಯಾಕ್ ವಿಷಯ ಹೇಳಬೇಕಾ, ಬೇಡವಾ?

ದೇವಿಮನೆ ತಿರುವು (ಕುಮಟಾ)

9 ಲಕ್ಷಾನಾ! ಆ ಗಾಡಿ 2015ರಲ್ಲಿ ಹೊಸದಾಗಿ ಬಂದಾಗ ಶೋರೂಂ ಬೆಲೆಯೇ 9.95 ಲಕ್ಷ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದರೆ ಇದೇ ನೋಡಿ.

ಅಪ್ಪೆಹುಳಿ

ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಒಂದೂವರೆ ಜನದ ಗಾಡಿ 😄

ಗ್ಯಾರೇಜ್ ಭಾವ (ಕುಮಟಾ)

ತಮಾ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಮಾಡಿಫಿಕೇಶನ್‌ಗೆ ಹಾಕಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಗಾಡಿ ಜೊತೆ ಅದು ವಾಪಸ್ ಬರುವುದಿಲ್ಲ. ನಿನಗೆ ಬೇಕಾದ ಸ್ಪ್ರಿಂಗು ನಿನಗೆ ಬೇಕು, ತಗೊಳ್ಳುವವನಿಗೆ ಬೇಡ. ಬೇಕಾದವನು ತನಗೆ ಬೇಕಾದ ಹಾಗೆ ತಾನೇ ಮಾಡಿಸುತ್ತಾನೆ.

ಆದರೆ ಬಿಡಿ ಸಾಮಾನಿಗೆ ಬೆಲೆ ಇದೆ. ಕಾಯಿಲೋವರ್, ಬಕೆಟ್ ಸೀಟು, ಇಂಟರ್‌ಕೂಲರ್ ಎಲ್ಲ ಬಿಚ್ಚು. ಬೇರೆ ಬೇರೆ ಮಾರು. ಗಾಡಿಗೆ ಕಂಪನಿ ಸಾಮಾನು ವಾಪಸ್ ಹಾಕಿ ಸಾದಾ ಅಬಾರ್ತ್ ಅಂತ ಮಾರು. ಎರಡೂ ಸೇರಿ ಡೀಲರ್ ಹೇಳಿದ ಎರಡು ಪಾಲು ಬರುತ್ತದೆ.

ಒಂದೇ ಪ್ರಶ್ನೆ: ಹಳೇ ಸಾಮಾನು ಇಟ್ಟುಕೊಂಡಿದ್ದೀಯಾ?

ಎರಡನೇ ಗೇರ್ (ಶಿರಸಿ)

ಇದೆ ಭಾವ. ಸ್ಪ್ರಿಂಗು, ಶಾಕ್, ಸೀಟು, ಸ್ಟಿಯರಿಂಗ್, ಹಳೇ ಸೈಲೆನ್ಸರ್ ಎಲ್ಲ ಅಟ್ಟದ ಮೇಲೆ ಅಡಿಕೆ ಚೀಲದ ಹಿಂದೆ ಇದೆ. ಸೀಟನ್ನು ಇಲಿ ಸ್ವಲ್ಪ ರುಚಿ ನೋಡಿರಬಹುದು.

ಗ್ಯಾರೇಜ್ ಭಾವ (ಕುಮಟಾ)

ಹಾಗಾದರೆ ನೀನು ಬದುಕಿದೆ. ಪುಂಟೊ ಹೊಸದು ಬರುವುದು ನಿಂತು ಎಷ್ಟೋ ವರ್ಷ ಆಯಿತು. ಕಂಪನಿ ಸಾಮಾನು ಹುಡುಕಿಕೊಂಡು ಹೋಗುವುದೇ ಒಂದು ಯಾತ್ರೆ.

ಟರ್ಬೊ ತಿಮ್ಮ (ಸಿದ್ದಾಪುರ)

ಅದೇನು ಅಷ್ಟು ಕಷ್ಟ? ಫಿಯಟ್ ಲಿನಿಯಾ ಟಿ-ಜೆಟ್ ಇಂಜಿನ್ನೇ ಅಲ್ವಾ ಅದು. ಗುಜರಿಯಲ್ಲಿ ಲಿನಿಯಾ ಸಿಕ್ಕರೆ ಮುಗಿಯಿತು.

ಗ್ಯಾರೇಜ್ ಭಾವ (ಕುಮಟಾ)

ಅರ್ಧ ಸರಿ. ಎರಡೂ 1368 ಸಿಸಿಯೇ. ಆದರೆ ಲಿನಿಯಾದಲ್ಲಿ 114 ಪಿಎಸ್, ಇದರಲ್ಲಿ 145 ಬಿಎಚ್‌ಪಿ. ಕೆಲವು ಸಾಮಾನು ಕೂರುತ್ತದೆ, ಕೆಲವು ಕೂರುವುದಿಲ್ಲ. ಪಾರ್ಟ್ ನಂಬರ್ ನೋಡದೆ ತಂದು ನನ್ನ ಗ್ಯಾರೇಜಿನ ಮೂಲೆ ತುಂಬಿಸಿದವರು ಇಬ್ಬರಿದ್ದಾರೆ. ಮೂರನೆಯವರು ಬೇಡ.

ಕಾಳಿ ದಂಡೆ (ಕಾರವಾರ)

ಟ್ರ್ಯಾಕ್ ವಿಷಯ ಯಾಕೆ ಹೇಳಬೇಕು ಮಾರಾಯರೇ? ಟ್ರ್ಯಾಕ್‌ನಲ್ಲಿ ಗುಂಡಿ ಇಲ್ಲ, ಹಂಪ್ ಇಲ್ಲ, ಎದುರಿಂದ ಬಸ್ಸು ಬರುವುದಿಲ್ಲ. ಎಂಟು ದಿನ ಅಲ್ಲಿ ಓಡಿಸಿದ್ದಕ್ಕಿಂತ ಒಂದು ಮಳೆಗಾಲ ನಮ್ಮ ರಸ್ತೆಯಲ್ಲಿ ಓಡಿಸಿದ್ದೇ ಗಾಡಿಗೆ ಜಾಸ್ತಿ ಪೆಟ್ಟು. ಕೇಳಿದರೆ ಹೇಳಿ, ಕೇಳದಿದ್ದರೆ ಸುಮ್ನಿರಿ.

ಕೈಗಾ ಶಿಫ್ಟ್

ಕಾಳಿ ದಂಡೆ, ಈ ಮಾತು ಕೇಳಿಯೇ ನಾನು ಕೈ ಸುಟ್ಟುಕೊಂಡವನು.

ನಾನು ಮೂರು ವರ್ಷದ ಹಿಂದೆ ಒಂದು ಹ್ಯಾಚ್‌ಬ್ಯಾಕ್ ತಗೊಂಡೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ತಪ್ಪು ಕಂಪನಿಯದಲ್ಲ. ಮಾರಿದವನು "ಡಾಕ್ಟರ್ ಓಡಿಸಿದ ಗಾಡಿ, ಆಸ್ಪತ್ರೆ ಮನೆ, ಆಸ್ಪತ್ರೆ ಮನೆ" ಅಂದ. ಮೈ ಕನ್ನಡಿ ಹಾಗೆ. ಟೆಸ್ಟ್ ಡ್ರೈವ್ ಕಾರವಾರದಿಂದ ಸದಾಶಿವಗಡಕ್ಕೆ, ಸೇತುವೆ ದಾಟಿ ವಾಪಸ್. ಸಪಾಟು ರಸ್ತೆ. ಬೆಣ್ಣೆ ಹಾಗೆ ಹೋಯಿತು.

ಹದಿನೈದು ದಿನ ಬಿಟ್ಟು ಹೆಂಡತಿ ಮಗುವನ್ನು ಕೂರಿಸಿಕೊಂಡು ಅಣಶಿ ಘಟ್ಟ ಹತ್ತಿದೆ. ಹತ್ತುವಾಗ ಎರಡನೇ ಗೇರ್ ಹಾರಿ ಹಾರಿ ಬರುತ್ತಿತ್ತು. ಇಳಿಯುವಾಗ ಬ್ರೇಕ್ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಹ್ಯಾಂಡ್‌ಬ್ರೇಕ್, ಒಂದನೇ ಗೇರ್, ದೇವರ ಹೆಸರು, ಮೂರೂ ಸೇರಿ ನಿಲ್ಲಿಸಿದವು. ಆಮೇಲೆ ಬಿಚ್ಚಿ ನೋಡಿದರೆ ಬ್ರೇಕ್ ಆಯಿಲ್ ಕಪ್ಪು ಕಾಫಿ. ಡಿಸ್ಕ್ ಕಾದು ನೀಲಿ ಆಗಿದೆ. ಹಳೇ ಫೋಟೊ ಒಂದರಲ್ಲಿ ಅದೇ ಗಾಡಿ ಬಾಗಿಲ ಮೇಲೆ ನಂಬರು ಅಂಟಿಸಿಕೊಂಡು ಟ್ರ್ಯಾಕ್‌ನಲ್ಲಿ ನಿಂತಿದೆ!

ಟ್ರ್ಯಾಕ್‌ನಲ್ಲಿ ಓಡಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಹೇಳಿದ್ದರೆ ಮೊದಲೇ ಬ್ರೇಕ್ ಆಯಿಲ್ ಬದಲಿಸುತ್ತಿದ್ದೆ, ಗೇರ್‌ಬಾಕ್ಸ್ ತೋರಿಸುತ್ತಿದ್ದೆ, ಬೆಲೆ ಇಳಿಸಿ ಕೇಳುತ್ತಿದ್ದೆ. ಹೇಳದೆ ನನ್ನ ಮಗುವನ್ನು ಘಟ್ಟ ಹತ್ತಿಸಿದನಲ್ಲ, ಅದಕ್ಕೆ ಸಿಟ್ಟು.

ಕಾಳಿ ದಂಡೆ (ಕಾರವಾರ)

ಸರಿ. ಆ ಮಾತು ವಾಪಸ್ ತಗೊಂಡೆ.

ಚಾಲಿ ರಾಶಿ (ಶಿರಸಿ)

ಚೀಲದ ಬಾಯಿಗೆ ಚಾಲಿ (ಒಣಗಿಸಿ ಸುಲಿದ ಒಳ್ಳೆಯ ಅಡಿಕೆ) ಹಾಕಿ ತಳಕ್ಕೆ ಕೋಕಾ (ಕಳಪೆ ಅಡಿಕೆ) ತುಂಬಿದರೆ ಮಂಡಿಯಲ್ಲಿ ಏನಾಗುತ್ತೆ ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾ? ಒಂದು ಸಲ ಸಿಕ್ಕಿಬಿದ್ದರೆ ಮುಂದಿನ ಹತ್ತು ಟೆಂಡರಿನಲ್ಲಿ ನಿಮ್ಮ ಚೀಲವನ್ನು ತಳದವರೆಗೆ ಸುರಿದು ನೋಡುತ್ತಾರೆ. ಹೇಳಿಬಿಡಿ.

ದೇವಿಮನೆ ತಿರುವು (ಕುಮಟಾ)

ಬ್ರೇಕ್ ಆಯಿಲ್ ಬಗ್ಗೆ ಒಂದು ಮಾತು. ಅದು ಗಾಳಿಯ ತೇವ ಕುಡಿಯುತ್ತದೆ. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ಮೆತ್ತಗೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬ್ರೇಕ್ ಆಯಿಲ್ ಕೇಳಬೇಕಾ? ಟ್ರ್ಯಾಕ್ ಇರಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಿಸಿ.

ಬಂಗಡೆ ಪ್ರಿಯ (ಅಂಕೋಲಾ)

ಗಾಡಿ ಘಟ್ಟದ ಮೇಲೆಯೇ ಇತ್ತಾ? ಅದನ್ನು ಜಾಹೀರಾತಿನಲ್ಲಿ ಮೊದಲನೇ ಸಾಲಿನಲ್ಲಿ ಬರೆಯಿರಿ. ನಮ್ಮ ಕರಾವಳಿಯ ಗಾಡಿ ಅಂದರೆ ಉಪ್ಪು ಗಾಳಿ ತಿಂದ ಗಾಡಿ. ನನ್ನ ಮನೆ ಸಮುದ್ರದಿಂದ ಮುನ್ನೂರು ಮೀಟರ್. ಹಳೇ ಗಾಡಿಯ ಸೈಲೆನ್ಸರ್ ಹಪ್ಪಳದ ಹಾಗೆ ಮುರಿದು ಕೈಗೆ ಬಂತು. ತಗೊಳ್ಳಲು ಬಂದವರು ಮೇಲಿನ ಹೊಳಪು ನೋಡುವುದಿಲ್ಲ, ಬಗ್ಗಿ ಗಾಡಿಯ ಅಡಿ ನೋಡುತ್ತಾರೆ.

ಅಪ್ಪೆಹುಳಿ

ಘಟ್ಟದ ಮೇಲೆ ತುಕ್ಕು ಇಲ್ಲ, ಇಲಿ ಇದೆ. ನನ್ನ ಗಾಡಿಯ ವೈರಿಂಗ್ ಎರಡು ಸಲ ತಿಂದಿದೆ.

ಬಂಗಡೆ ಪ್ರಿಯ (ಅಂಕೋಲಾ)

ನಮ್ಮಲ್ಲಿ ತುಕ್ಕೂ ಇದೆ, ಇಲಿಯೂ ಇದೆ. ಜೊತೆಗೆ ಬಂಗಡೆ ವಾಸನೆಗೆ ಬಾನೆಟ್ ಮೇಲೆ ಬೆಕ್ಕು.

ಫಾರ್ಮ್ 29 (ಹೊನ್ನಾವರ)

ನಾನು ಆರ್‌ಟಿಒ ಕಾಗದದ ಕೆಲಸ ಮಾಡುವವನು. ಎಲ್ಲರೂ ಬೆಲೆ ಮಾತಾಡುತ್ತಿದ್ದೀರಿ, ಕಾಗದದ ವಿಷಯ ಯಾರೂ ಎತ್ತಲಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ರೂಪಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಒಂದೊಂದಕ್ಕೆ! ನಿಮ್ಮ ಪಟ್ಟಿ ಎಣಿಸಿಕೊಳ್ಳಿ.

ಆರ್‌ಸಿಯಲ್ಲಿ ಐದು ಸೀಟು, ಗಾಡಿಯಲ್ಲಿ ಎರಡು. ಆರ್‌ಸಿಯಲ್ಲಿ ಬಿಳಿ, ಕಣ್ಣಿಗೆ ಬೂದು. ಹೀಗೇ ಮಾರಿದರೆ ತಗೊಂಡವನು ನಾಳೆ ಜಗಳಕ್ಕೆ ಬರುತ್ತಾನೆ.

ಟರ್ಬೊ ತಿಮ್ಮ (ಸಿದ್ದಾಪುರ)

ಅಂದರೆ ಟೈರ್ ಕೂಡ ಬದಲಿಸುವ ಹಾಗಿಲ್ಲ! ಬ್ರೇಕ್ ಪ್ಯಾಡ್ ಬದಲಿಸಿದರೂ ಜೈಲು! ಭಲೇ ಕಾನೂನು.

ಫಾರ್ಮ್ 29 (ಹೊನ್ನಾವರ)

ಹಾಗೆ ಯಾರು ಹೇಳಿದರು? ಸವೆದ ಟೈರ್ ತೆಗೆದು ಅದೇ ಅಳತೆಯದು ಹಾಕಿ, ಒಳ್ಳೆಯ ಪ್ಯಾಡ್ ಹಾಕಿ, ಯಾರೂ ಕೇಳುವುದಿಲ್ಲ. ಮೂಲ ರೂಪ ಬದಲಾದರೆ ಮಾತ್ರ ತೊಂದರೆ. ಅರ್ಧ ಓದಿ ಪೂರ್ತಿ ಕೂಗಬೇಡಿ ತಿಮ್ಮಣ್ಣ.

ಇನ್ನೊಂದು ವಿಷಯ. ದುಡ್ಡು ಬಂತು, ಕೀ ಕೊಟ್ಟೆ, ಮುಗಿಯಿತು ಅಂತ ಮಲಗಬೇಡಿ. ಫಾರ್ಮ್ 29, 30 ಹಾಕಿ ಹೆಸರು ಬದಲಾಗುವವರೆಗೆ ಆ ಗಾಡಿ ನಿಮ್ಮದೇ. ರಾಜ್ಯದೊಳಗೆ ಆದರೆ ಮಾರಿದವರು 14 ದಿನದೊಳಗೆ ತಿಳಿಸಬೇಕು. ಗೋವಾದವರು ತಗೊಂಡರೆ ಫಾರ್ಮ್ 28ರ ಎನ್‌ಒಸಿ, ಅಲ್ಲಿ ಮತ್ತೆ ತೆರಿಗೆ. ಆರ್‌ಸಿ ಯಾರ ಹೆಸರಿನಲ್ಲಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಗಾಡಿ ತಗೊಳ್ಳುವ ಹುಡುಗ ನಿಧಾನಕ್ಕೆ ಓಡಿಸುವವನಾಗಿರುವುದಿಲ್ಲ, ಅಷ್ಟು ನೆನಪಿರಲಿ.

ಹಳೇ ಬುಲೆಟ್ (ಯಲ್ಲಾಪುರ)

ಇನ್ಶೂರೆನ್ಸ್‌ನಲ್ಲಿ ನಿಮ್ಮ ನೋ ಕ್ಲೈಮ್ ಬೋನಸ್ ಇದ್ದರೆ ಗಾಡಿ ಜೊತೆ ಬಿಟ್ಟುಕೊಡಬೇಡಿ. ಅದು ಮಾಲೀಕನದು, ಗಾಡಿಯದಲ್ಲ. ಐದು ವರ್ಷ ಕ್ಲೈಮ್ ಇಲ್ಲದಿದ್ದರೆ 50 ಪರ್ಸೆಂಟ್. ಪತ್ರ ತಗೊಂಡು ಇಟ್ಟುಕೊಳ್ಳಿ, ಅಪ್ಪನಿಗೆ ತಗೊಳ್ಳುವ ಹೊಸ ಗಾಡಿಗೆ ಆಗುತ್ತದೆ.

ಎರಡನೇ ಗೇರ್ (ಶಿರಸಿ)

ಇದು ಗೊತ್ತೇ ಇರಲಿಲ್ಲ. ಉಪಕಾರ ಆಯಿತು. ಟ್ರ್ಯಾಕ್‌ನಲ್ಲಿ ಬಂಪರ್ ಒಂದು ಸಲ ಒಡೆದಿತ್ತು, ಸ್ವಂತ ದುಡ್ಡಿನಲ್ಲೇ ಮಾಡಿಸಿದೆ. ರೇಸು, ಸ್ಪೀಡ್ ಟೆಸ್ಟ್ ಇದಕ್ಕೆಲ್ಲ ಪಾಲಿಸಿ ಇಲ್ಲ ಅಂತ ಅದರಲ್ಲೇ ಬರೆದಿರುತ್ತದೆ. ಹಾಗಾಗಿ ಬೋನಸ್ ಉಳಿದಿದೆ.

ದೇವಿಮನೆ ತಿರುವು (ಕುಮಟಾ)

ಅಂತೂ ಬಂಪರ್ ಒಡೆದದ್ದು ಈಗ ಹೊರಗೆ ಬಂತು. ಮೊದಲ ಪೋಸ್ಟಿನಲ್ಲಿ ಇರಲಿಲ್ಲವಲ್ಲ!

ಎರಡನೇ ಗೇರ್ (ಶಿರಸಿ)

ಬಿಟ್ಟುಹೋಯಿತು. ಕೋನ್ ಮೇಲೆ ಹತ್ತಿದ್ದು ಅಷ್ಟೇ.

ಕೈಗಾ ಶಿಫ್ಟ್

ಹೀಗೇ "ಬಿಟ್ಟುಹೋಗುತ್ತೆ". ಜಾಹೀರಾತಿನಲ್ಲಿ ಬಿಡಬೇಡಿ.

ಗ್ಯಾರೇಜ್ ಭಾವ (ಕುಮಟಾ)

ಮಾರುವ ಮೊದಲು ನೀನೇ ಒಂದು ಕಂಪ್ರೆಶನ್ ಟೆಸ್ಟ್ (ಸಿಲಿಂಡರಿನ ಒತ್ತಡ ಅಳೆಯುವುದು) ಮಾಡಿಸು. ನಾಲ್ಕು ಸಿಲಿಂಡರ್‌ನ ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅಂತ ನೋಡಬೇಕು. ಒಂದು ಮಾತ್ರ ಹತ್ತು ಪರ್ಸೆಂಟಿಗಿಂತ ಜಾಸ್ತಿ ಕೆಳಗಿದ್ದರೆ ಏನೋ ಇದೆ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದೆ? ಬಿಲ್ ಇದ್ದರೆ ತೋರಿಸು. 4.70 ಲಕ್ಷದ ಬಿಲ್ಲಿಗಿಂತ ಆ ಒಂದು ಬಿಲ್ಲಿಗೆ ಜಾಸ್ತಿ ಮರ್ಯಾದೆ.

ರೀಮ್ಯಾಪ್ ಕೂಡ ತೆಗೆಸಿ ಕಂಪನಿಯದೇ ಹಾಕಿಸು. ಹೊಸಬ ಸಿಕ್ಕಿದ ಕಡೆ ಸಿಕ್ಕಿದ ಪೆಟ್ರೋಲ್ ಹಾಕಿ ಘಟ್ಟದಲ್ಲಿ ಒತ್ತಿದರೆ ಇಂಜಿನ್ ಬಡಿಯುತ್ತದೆ, ಪಿಸ್ಟನ್ ಹೋದರೆ ನಿನ್ನ ಹೆಸರು ಹೇಳುತ್ತಾನೆ.

ಟರ್ಬೊ ತಿಮ್ಮ (ಸಿದ್ದಾಪುರ)

ಎಲ್ಲ ಬಿಚ್ಚಿದರೆ ಆ ಗಾಡಿಯಲ್ಲಿ ಉಳಿಯುವುದೇನು? ಸುಮ್ನೆ ಹೀಗೇ ಇಡಿ. ಬೆಂಗಳೂರಲ್ಲೋ ಕೊಯಮತ್ತೂರಲ್ಲೋ ಒಬ್ಬ ಹುಚ್ಚ ಇದ್ದೇ ಇರುತ್ತಾನೆ. ಅವನಿಗೆ ರೆಡಿ ಗಾಡಿ ಬೇಕು. ಆರು ತಿಂಗಳು ಕಾಯಿರಿ.

ಗ್ಯಾರೇಜ್ ಭಾವ (ಕುಮಟಾ)

ಹುಚ್ಚ ಇರುತ್ತಾನೆ, ನಿಜ. ಆದರೆ ಅವನ ಹತ್ತಿರ ದುಡ್ಡು ಇರುವುದಿಲ್ಲ. ದುಡ್ಡು ಇರುವವನಿಗೆ ಹುಚ್ಚು ಇರುವುದಿಲ್ಲ. ಎರಡೂ ಇರುವವನು ಬೇರೆ ಗಾಡಿ ತಗೊಳ್ಳುತ್ತಾನೆ. ಆರು ತಿಂಗಳು ಕಾಯಲು ಮಧ್ಯೆ ಒಂದು ಮಳೆಗಾಲ ಇದೆ ತಿಮ್ಮಣ್ಣ. ನಿಲ್ಲಿಸಿದ ಗಾಡಿ ಓಡಿಸಿದ ಗಾಡಿಗಿಂತ ಬೇಗ ಹಾಳಾಗುತ್ತದೆ.

ಚಾಲಿ ರಾಶಿ (ಶಿರಸಿ)

ಮೊದಲನೇ ಮೂರು ವಾಕ್ಯಕ್ಕೆ ನನ್ನದೊಂದು ಚಪ್ಪಾಳೆ.

ಕಾಳಿ ದಂಡೆ (ಕಾರವಾರ)

ಒಂದು ಎಚ್ಚರಿಕೆ. ಜಾಹೀರಾತು ಹಾಕಿದ ಹತ್ತೇ ನಿಮಿಷಕ್ಕೆ ಒಂದು ಫೋನ್ ಬರುತ್ತದೆ. "ನಾನು ಕಾರವಾರ ನೌಕಾನೆಲೆಯಲ್ಲಿ ಇದ್ದೇನೆ, ರಜೆ ಇಲ್ಲ, ಗಾಡಿ ನೋಡುವುದೇ ಬೇಡ, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ." ಹಣ ಬರಲು ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ. ನನ್ನ ಹಳೇ ಫ್ರಿಜ್ ಮಾರುವಾಗ ಇದೇ ಆಯಿತು. ನಮ್ಮ ಮನೆ ನೌಕಾನೆಲೆಯ ಪಕ್ಕದಲ್ಲೇ ಇದೆ. "ಬನ್ನಿ, ಚಾ ಕುಡಿದು ಹೋಗಿ" ಅಂದೆ. ಫೋನ್ ಇಟ್ಟ.

ಹಳೇ ಬುಲೆಟ್ (ಯಲ್ಲಾಪುರ)

ಟೆಸ್ಟ್ ಡ್ರೈವ್‌ಗೆ ಒಬ್ಬನೇ ಬಿಡಬೇಡಿ. ಮೊದಲು ನೀವು ಓಡಿಸಿ ತೋರಿಸಿ, ಆಮೇಲೆ ಪಕ್ಕದಲ್ಲಿ ಕೂತು ಅವನಿಗೆ ಕೊಡಿ. ಅವನ ಲೈಸೆನ್ಸ್ ಫೋಟೊ ಮೊದಲು. ಅರಬೈಲ್ ಘಟ್ಟದಲ್ಲಿ ಲಾರಿಗಳ ಮಧ್ಯೆ ಪಿಕಪ್ ತೋರಿಸಲು ಹೋದವರ ಕಥೆ ನನ್ನ ಹತ್ತಿರ ಬಹಳ ಇದೆ, ಒಂದೂ ನಗುವ ಕಥೆ ಅಲ್ಲ.

ಅಪ್ಪೆಹುಳಿ

ದೇವಿಮನೆ ಘಟ್ಟದ ರಸ್ತೆ ಈಗ ಹೇಗಿದೆ ಯಾರಾದರೂ ಹೇಳಿ? ಭಾನುವಾರ ಕುಮಟಾಕ್ಕೆ ಹೋಗಬೇಕು.

ದೇವಿಮನೆ ತಿರುವು (ಕುಮಟಾ)

ಅಗಲ ಮಾಡುತ್ತಲೇ ಇದ್ದಾರೆ. ನನ್ನ ಹೆಸರಿನ ತಿರುವೇ ಉಳಿಯುತ್ತೋ ಇಲ್ಲವೋ ಗೊತ್ತಿಲ್ಲ.

ಎರಡನೇ ಗೇರ್ (ಶಿರಸಿ)

ಸುಮಾರು ಒಂದೂವರೆ ತಿಂಗಳಾಯಿತು. ಸುದ್ದಿ ಹೇಳಲು ಬಂದೆ.

ಗಾಡಿಯನ್ನು ಗ್ಯಾರೇಜ್ ಭಾವನ ಹತ್ತಿರವೇ ಕುಮಟಾಕ್ಕೆ ಒಯ್ದೆ. ನಾಲ್ಕು ದಿನ ಬಿಚ್ಚಿದೆವು. ಸೀಟನ್ನು ಇಲಿ ಒಂದು ಮೂಲೆಯಲ್ಲಿ ತಿಂದಿತ್ತು, ಹೊಲಿಸಿದೆ. ಸ್ಟಿಕ್ಕರ್ ಕಿತ್ತರೆ ಒಳಗೆ ಬಿಳಿ ಬಣ್ಣ ಹೊಸದರ ಹಾಗೆ ಇತ್ತು. ಬಂಪರ್ ಹತ್ತಿರ ಮಾತ್ರ ಬಿಳಿಯಲ್ಲೇ ಬೇರೆ ಬಿಳಿ.

ಕಂಪ್ರೆಶನ್ ಟೆಸ್ಟ್‌ನಲ್ಲಿ 172, 170, 174, 151. ನಾಲ್ಕನೇ ಸಿಲಿಂಡರ್! ನನ್ನ ಮುಖ ಬಾಡಿತು. ಭಾವ ಗಾಳಿ ತುಂಬಿ ಲೀಕ್ ನೋಡಿದರು, ಎಕ್ಸಾಸ್ಟ್ ವಾಲ್ವ್ ಕಡೆಯಿಂದ ಹೋಗುತ್ತಿದೆ ಅಂದರು. ಅವತ್ತು ರಾತ್ರಿ ನನಗೆ ಒಂದು ಯೋಚನೆ ಬಂದದ್ದು ನಿಜ: ಈ ಚೀಟಿ ಹರಿದುಹಾಕಿದರೆ ಯಾರಿಗೆ ಗೊತ್ತಾಗುತ್ತೆ? ಆಮೇಲೆ ಕೈಗಾ ಶಿಫ್ಟ್ ಬರೆದದ್ದನ್ನು ಇನ್ನೊಮ್ಮೆ ಓದಿದೆ. ಚೀಟಿಯ ಫೋಟೊ ಜಾಹೀರಾತಿಗೇ ಹಾಕಿದೆ. ಬಂಪರ್ ಫೋಟೊ, ಎಂಟು ಟ್ರ್ಯಾಕ್ ಡೇಯ ತಾರೀಖು, ಎಲ್ಲ.

ಬಿಡಿ ಸಾಮಾನು 1.58 ಲಕ್ಷ ತಂದಿತು. ಬಕೆಟ್ ಸೀಟು ಮತ್ತು ಬೆಲ್ಟನ್ನು ರ್‍ಯಾಲಿ ಓಡಿಸುವ ಒಬ್ಬರು ಸಾಗರದಿಂದ ಬಂದು ಒಯ್ದರು. ಗಾಡಿಗೆ 4.90 ಕೇಳಿದ್ದೆ. ಫೋನ್ ಮಾಡಿದವರು ಇಪ್ಪತ್ತಕ್ಕೂ ಜಾಸ್ತಿ. ಅರ್ಧ ಜನ ಟ್ರ್ಯಾಕ್ ಅಂದ ಕೂಡಲೇ ಇಟ್ಟರು. ಇಬ್ಬರು "ನೌಕಾನೆಲೆ". ಕೊನೆಗೆ ಕಾರವಾರದ ಕಾಲೇಜಿನ ಮೇಷ್ಟ್ರು ಒಬ್ಬರು ಬಂದರು. ಮೊದಲೇ ಒಂದು ಪುಂಟೊ ಇಟ್ಟುಕೊಂಡಿದ್ದವರು. ಗಾಡಿ ಓಡಿಸುವ ಮೊದಲು ಚೀಟಿಗಳನ್ನು ಅರ್ಧ ಗಂಟೆ ಓದಿದರು, ಪರೀಕ್ಷೆ ಪೇಪರ್ ನೋಡಿದ ಹಾಗೆ. ವಾಲ್ವ್ ಕೆಲಸಕ್ಕೆ ಅಂತ 35,000 ಕಡಿಮೆ ಮಾಡಿ 4.55ಕ್ಕೆ ತಗೊಂಡರು. ಹೆಸರು ಬದಲಾಗಿ ಆರ್‌ಸಿ ಬಂದಾಯಿತು. ಕಾಗದದ ಕೆಲಸ ಎಲ್ಲ ನಮ್ಮ ಹೊನ್ನಾವರದ "ಫಾರ್ಮ್ 29" ಅವರೇ ಮಾಡಿಸಿಕೊಟ್ಟರು.

ಫಾರ್ಮ್ 29 (ಹೊನ್ನಾವರ)

ಚಾ ಬಾಕಿ ಇದೆ.

ದೇವಿಮನೆ ತಿರುವು (ಕುಮಟಾ)

ಒಟ್ಟು 6.13 ಲಕ್ಷ. 2.75 ಎಲ್ಲಿ, 6.13 ಎಲ್ಲಿ. 9 ಲಕ್ಷದ ಆಸೆ ಹೋಯಿತಾ?

ಎರಡನೇ ಗೇರ್ (ಶಿರಸಿ)

ಹೋಗಿಲ್ಲ. ರಾತ್ರಿ ಬರುತ್ತದೆ.

ಟರ್ಬೊ ತಿಮ್ಮ (ಸಿದ್ದಾಪುರ)

ಆ ಮೇಷ್ಟ್ರ ನಂಬರ್ ಇದೆಯಾ? ವಾಪಸ್ ಮಾರುತ್ತಾರಾ ಕೇಳಬೇಕಿತ್ತು. ಹಾಫ್ ಕೇಜ್ ಇನ್ನೂ ಇದ್ದರೆ ನನಗಿರಲಿ.

ಎರಡನೇ ಗೇರ್ (ಶಿರಸಿ)

ನಂಬರ್ ಕೊಡುವುದಿಲ್ಲ. ಕೇಜ್ ಮಾತ್ರ ಮಾರಾಟವಾಗದೆ ಅಂಗಳದಲ್ಲಿ ನಿಂತಿತ್ತು. ಅಮ್ಮ ಅದಕ್ಕೆ ತೊಂಡೆ ಬಳ್ಳಿ ಹಬ್ಬಿಸಿದ್ದಾಳೆ. ಈಗ ಕೇಳಿದರೆ ಕೊಡುವುದಿಲ್ಲ ಅನ್ನುತ್ತಾಳೆ, ಕಾಯಿ ಬಿಟ್ಟಿದೆಯಂತೆ.